ಕ್ಲರ್ಕ್ ಕೆಂಟ್, ಚಿಕ್ಕಮಗಳೂರು

ಸೂಪರ್‌ಮ್ಯಾನ್ 1938ರಿಂದ ಒಂದು ಕನ್ನಡಕವನ್ನು ನಂಬಿಕೊಂಡು ಕಾಲ ಹಾಕುತ್ತಿದ್ದಾನೆ. ಹಾಕಿಕೊಂಡರೆ ಪೇಪರಿನ ವರದಿಗಾರ ಕ್ಲಾರ್ಕ್ ಕೆಂಟ್, ತೆಗೆದರೆ ಲೋಕರಕ್ಷಕ. ಜೊತೆಯಲ್ಲೇ ಕೆಲಸ ಮಾಡುವ ಲೋಯಿಸ್ ಲೇನ್‌ಗೂ ಗೊತ್ತಾಗಲಿಲ್ಲ ಅಂತಾರೆ. ಅದೆಲ್ಲ ದೊಡ್ಡ ಊರಿನ ಅನುಕೂಲ. ನಾನು ಹೊಸ ಕನ್ನಡಕ ಹಾಕಿಕೊಂಡು ಐ.ಜಿ. ರಸ್ತೆಗೆ ಬಂದ ದಿನ, ಹನುಮಂತಪ್ಪ ಸರ್ಕಲ್ ತಲುಪುವಷ್ಟರಲ್ಲಿ ಪವರ್ ಎಷ್ಟು, ಫ್ರೇಮಿಗೆ ಎಷ್ಟು ಕೊಟ್ಟೆ, ಶುಗರ್ ಏನಾದರೂ ಇದೆಯಾ ಅಂತ ಪೂರ್ತಿ ವಿಚಾರಣೆ ಮುಗಿದಿತ್ತು. ಗುರುತು ಸಿಗದೇ ಹೋದವರು ಒಬ್ಬರೂ ಇಲ್ಲ.

ಇನ್ನು ಆ ಕೆಂಪು ಕೇಪು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬನಿಯನ್ನೇ ಒಣಗಲ್ಲ. ಅಷ್ಟುದ್ದದ ಬಟ್ಟೆಯನ್ನು ಬಚ್ಚಲ ಒಲೆ ಮೇಲೆ ಹರವಿ ಒಣಗಿಸಿದರೆ, ಹಾರಿ ಬಂದವನು ಯಾರ ಮನೆಯವನು ಅಂತ ಹೊಗೆ ವಾಸನೆಯಲ್ಲೇ ಹೇಳಬಹುದು.

ಈ ವಿಷಯ ನನಗೇಕೆ ಅಂದರೆ, ನನಗೂ ಒಂದು ಶಕ್ತಿ ಇದೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ ಕಡತವನ್ನು, ಯಾವ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಿ, ಒತ್ತು, ಅರ್ಕಾವತ್ತು ಎಲ್ಲಾ ಸರಿ ಮಾಡಿ ಕೊಡಬಲ್ಲೆ. ನಗಬೇಡಿ. ಹಳೇ ನುಡಿ ಅಕ್ಷರದ ಪತ್ರ ಮೊಬೈಲಿನಲ್ಲಿ ತೆರೆದಾಗ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕೆ ಬಂದು ಕೂತಿರುತ್ತವಲ್ಲ, ಅದನ್ನು ನೋಡಿದವರಿಗೆ ನನ್ನ ಬೆಲೆ ಗೊತ್ತು. ಜೊತೆಗೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆಯಬಲ್ಲೆ. ಇದೆಲ್ಲ ಆಫೀಸಿನಲ್ಲಿ ಯಾರಿಗೂ ತಿಳಿಯದ ಹಾಗೆ ನೋಡಿಕೊಂಡಿದ್ದೆ. ಯಾರಾದರೂ ಕೇಳಿದರೆ "ಅಯ್ಯೋ ಮಾರಾಯ, ನನಗೆ ಮೌಸ್ ಹಿಡಿಯೋದೇ ಕಷ್ಟ" ಅನ್ನುತ್ತಿದ್ದೆ.

ಕೆಂಟ್ ವರದಿಗಾರನಾಗಿದ್ದು ಎಲ್ಲಿ ಅಪಾಯ ಆದರೂ ಸುದ್ದಿ ಮೊದಲು ತನಗೇ ಸಿಗಲಿ ಅಂತ. ನನ್ನ ಲೆಕ್ಕ ಉಲ್ಟಾ. ಅಪಾಯದ ಸುದ್ದಿ ಕೊನೆಗೆ ತಲುಪಲಿ ಅಂತ ಫೋನಿನಿಂದ ಅತಿ ದೂರದ ಕುರ್ಚಿ ಹಿಡಿದವನು ನಾನು. ಅವನು ಹತ್ತಿರದವರ ಜೀವ ಕಾಪಾಡಲು ಗುಟ್ಟು ಮಾಡಿದ, ನಾನು ನನ್ನ ಊಟದ ಹೊತ್ತನ್ನು ಕಾಪಾಡಲು. ಸ್ಪೈಡರ್‌ಮ್ಯಾನ್ ಇನ್ನೂ ಜಾಣ. ಪೀಟರ್ ಪಾರ್ಕರ್ ತನ್ನದೇ ಫೋಟೋ ತಾನೇ ತೆಗೆದು ಪೇಪರಿಗೆ ಮಾರಿ ಸಂಪಾದಿಸಿದ. ನಮ್ಮ ಕಡೆ ಅದಕ್ಕೆ ಆಡಿಟ್ ಆಕ್ಷೇಪಣೆ ಬರುತ್ತೆ.

ನನಗೆ ಆದರ್ಶ ಅಂದರೆ ಭೀಮನೇ. ವಿರಾಟನ ಮನೆಯಲ್ಲಿ ವಲಲ ಅಂತ ಹೆಸರಿಟ್ಟುಕೊಂಡು ಸೌಟು ಹಿಡಿದ. ಆಯುಧ ಬನ್ನಿ ಮರದ ಮೇಲೆ, ತಾನು ಅಡುಗೆಮನೆಯಲ್ಲಿ. ಹೊಟ್ಟೆಬಾಕನಿಗೆ ಇದಕ್ಕಿಂತ ಒಳ್ಳೆ ವೇಷ ಬೇಕಾ? ಇಡೀ ಅಜ್ಞಾತವಾಸದಲ್ಲಿ ಸಂತೋಷವಾಗಿದ್ದವನು ಅವನೊಬ್ಬನೇ ಇರಬೇಕು. ಆದರೆ ಕೀಚಕನನ್ನು ಹೊಡೆದ ರೀತಿ ನೋಡಿಯೇ ದುರ್ಯೋಧನನಿಗೆ ವಾಸನೆ ಹತ್ತಿತು. ಈ ಕೆಲಸ ಭೀಮನದ್ದೇ!

ನನಗೂ ಅದೇ ಆಯಿತು. ಹೋದ ಮಳೆಗಾಲದಲ್ಲಿ ಬೆಂಗಳೂರಿಗೆ ಅರ್ಜೆಂಟಾಗಿ ಹೋಗಬೇಕಾದ ಪತ್ರ ಪೂರ್ತಿ ಕೊಂಬು ಚುಕ್ಕೆಯಾಗಿ ಕೂತಿತ್ತು. ಸಾಹೇಬರು ಕೂಗಾಡಿದರು. ಎಲ್ಲರೂ ಕಾಫಿಗೆ ಹೋದರು, ನಮ್ಮಲ್ಲಿ ಕಷ್ಟ ಬಂದಾಗ ಮೊದಲು ಕಾಫಿಗೆ ಹೋಗುವುದು ಪದ್ಧತಿ. ನಾನು ಹಿಂದೆ ಉಳಿದು, ಕೆಲಸ ಮುಗಿಸಿ, ನನ್ನ ಕುರ್ಚಿಗೆ ಬಂದು ಆಕಳಿಸುತ್ತಾ ಕೂತೆ. ಹೆಸರು ಬಂದಿದ್ದು ಹೊಸದಾಗಿ ಸೇರಿದ್ದ ಹುಡುಗನಿಗೆ. ಪಾಪ, ಅವನು ಕಂಪ್ಯೂಟರಿನ ಹತ್ತಿರ ನಿಂತು ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದ ಅಷ್ಟೇ. ಅಲ್ಲ ಅಂತಲೂ ಹೇಳಲಿಲ್ಲ ಆಸಾಮಿ. ಸಾಹೇಬರು ಅವನ ಬೆನ್ನು ತಟ್ಟಿದಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟ ಇದೆಯಲ್ಲ, ಕೆಂಟ್‌ಗೆ ಇದು ವಾರಕ್ಕೊಮ್ಮೆ ಆಗುತ್ತಿತ್ತೇನೋ.

ಸಂಜೆ ಸಾಹೇಬರು ನನ್ನನ್ನು ಒಳಗೆ ಕರೆದರು. ಪತ್ರ ಮುಂದಿಟ್ಟು, "ಕಾಮಾದ ಹಿಂದೆ ಜಾಗ ಬಿಡದೆ ಟೈಪ್ ಮಾಡೋರು ಈ ಆಫೀಸಲ್ಲಿ ನೀವೊಬ್ಬರೇ ಕಣ್ರೀ" ಅಂದರು. ಬೈಯಲಿಲ್ಲ. ಮೇಜಿನ ಖಾನೆಯಿಂದ ಪೆನ್‌ಡ್ರೈವ್ ತೆಗೆದರು. ಅದರಲ್ಲಿ ಅವರ ಮಗಳ ಮದುವೆಯ ಲಗ್ನಪತ್ರಿಕೆ ಇತ್ತು, ನುಡಿಯಲ್ಲಿ.

ಅಲ್ಲಿಂದ ಸುದ್ದಿ ಕೋಟೆ ದಾಟಿ ಬಸವನಹಳ್ಳಿ ತಲುಪಲು ಎಷ್ಟು ಹೊತ್ತು? ಮದುವೆ ಛತ್ರದಲ್ಲೇ ಸಾಹೇಬರ ಹೆಂಡತಿ ನನ್ನವಳ ಕೈ ಹಿಡಿದು, "ನಿಮ್ಮೆಜಮಾನ್ರು ಕಂಪ್ಯೂಟರಲ್ಲಿ ಭಾರೀ ಹುಷಾರು ಕಣ್ರೀ" ಅಂದರಂತೆ. ಇವಳು ಒಂದು ಕ್ಷಣ ಯೋಚಿಸಿ, "ಇರಲಿಕ್ಕಿಲ್ಲ, ನೀವು ಬೇರೆ ಯಾರನ್ನೋ ಹೇಳ್ತಿದೀರಿ" ಅಂದಳಂತೆ.

ಸೂಪರ್‌ಮ್ಯಾನ್ 1996ರಲ್ಲಿ ಲೋಯಿಸ್‌ಳನ್ನು ಮದುವೆಯಾದ. ಗುಟ್ಟನ್ನು ಮಾತ್ರ ಮದುವೆಗೆ ಮುಂಚೆಯೇ ಹೇಳಿಬಿಟ್ಟಿದ್ದ, ಬುದ್ಧಿವಂತ. ನಾನು ಹೇಳಿರಲಿಲ್ಲ. ಛತ್ರದಿಂದ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ದೀಪಾವಳಿಯಿಂದ ಹಾಳಾಗಿ ಕೂತಿರುವ ಟಿವಿ ಮುಂದೆ ನಿಂತು ರಿಮೋಟನ್ನು ನನ್ನ ಕೈಗೆ ಕೊಟ್ಟಳು.