ಮಸ್ಕತ್ತಿನ ಕುರ್ಚಿಯಲ್ಲಿ ನಾಲ್ಕು ಗಂಟೆ

ನನ್ನ ಅಕ್ಕನ ಮಗ ಪ್ರವಾಸಕ್ಕೆಂದು ದುಬೈಗೆ ಹೊರಟ. ಅವನು ಪೆಟ್ಟಿಗೆ ಕಟ್ಟುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಹಾಗಾಗಿ ಅದರೊಳಗೆ ಏನೇನಿತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಐದು ಕಿಲೋ ಕುಚ್ಚಲಕ್ಕಿ, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಎರಡು ಟೈ, ಬಿ.ಕಾಂ. ಪದವಿಯ ಪ್ರಮಾಣಪತ್ರ. ಆ ಪ್ರಮಾಣಪತ್ರ ಅಸಲಿ ಎಂದು ರಾಜ್ಯ ಸರ್ಕಾರ ಒತ್ತಿದ ಮೊಹರು, ರಾಜ್ಯ ಸರ್ಕಾರದ ಮೊಹರು ಅಸಲಿ ಎಂದು ಕೇಂದ್ರದ ವಿದೇಶಾಂಗ ಸಚಿವಾಲಯ ಒತ್ತಿದ ಮೊಹರು, ಸಚಿವಾಲಯದ ಮೊಹರು ಅಸಲಿ ಎಂದು ಯುಎಇ ರಾಯಭಾರ ಕಚೇರಿ ಒತ್ತಿದ ಮೊಹರು. ಅಡಿಯಲ್ಲಿ, ಅಂಗಿಗಳ ಕೆಳಗೆ, ಬಯೋಡೇಟಾದ ಅರವತ್ತು ಪ್ರತಿ. ಬುರ್ಜ್ ಖಲೀಫಾ ನೋಡಲು ಹೋಗುವವನಿಗೆ ಇಷ್ಟೆಲ್ಲ ಬೇಕಾಗುತ್ತದೆ. 828 ಮೀಟರ್ ಎತ್ತರದ ಕಟ್ಟಡ. ಮೇಲಕ್ಕೆ ಹತ್ತಿದ ಮೇಲೆ ಯಾರಾದರೂ "ಟ್ಯಾಲಿ ಬರುತ್ತದೆಯೇ?" ಎಂದು ಕೇಳಿದರೆ ಬರಿಗೈಯಲ್ಲಿ ನಿಲ್ಲಬಾರದಲ್ಲ.

ನಮ್ಮ ಕರಾವಳಿಯಲ್ಲಿ "ಹುಡುಗ ವಿಸಿಟ್‌ನಲ್ಲಿ ಹೋಗಿದ್ದಾನೆ" ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಏನೇನು ನೋಡಿದ ಎಂದು ಒಬ್ಬರೂ ಕೇಳುವುದಿಲ್ಲ. "ಕೆಲಸ ಆಯಿತೇ?" ಎಂದೇ ಕೇಳುತ್ತಾರೆ. ಟಿಕೆಟ್ ಮಾಡಿಕೊಟ್ಟ ಏಜೆಂಟನಿಗೆ ಗೊತ್ತು. ವಿಮಾನದಲ್ಲಿ ಪಕ್ಕದ ಸೀಟಿನವನಿಗೆ ಗೊತ್ತು, ಏಕೆಂದರೆ ಅವನೂ ಅದೇ ಬಗೆಯ ಪ್ರವಾಸಿ. ಆ ಊರಿನ ಕಂಪನಿಗಳಿಗಂತೂ ಚೆನ್ನಾಗಿ ಗೊತ್ತು. "ವಿಸಿಟ್ ವೀಸಾದಲ್ಲಿರುವವರಿಗೆ ಆದ್ಯತೆ" ಎಂದು ಅವರು ಜಾಹೀರಾತಿನಲ್ಲೇ ಬರೆಯುತ್ತಾರೆ. ಗೊತ್ತಿಲ್ಲದಿರುವುದು ವೀಸಾ ಎಂಬ ಆ ಒಂದು ಕಾಗದಕ್ಕೆ ಮಾತ್ರ. ಆ ಕಾಗದಕ್ಕೆ ಬೇಸರವಾಗಬಾರದೆಂದು ಉಳಿದವರೆಲ್ಲ ಸೇರಿ ನಾಟಕ ಆಡುತ್ತಾರೆ.

ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯ ಚಾವಡಿಯಲ್ಲಿ ಅದರ ತಾಲೀಮು ನಡೆಯಿತು. ನಾನು ಅಧಿಕಾರಿ, ಅವನು ಪ್ರವಾಸಿ.

"ಯಾವ ಯಾವ ಸ್ಥಳ ನೋಡುತ್ತೀರಿ?"

"ಬುರ್ಜ್ ಖಲೀಫಾ, ಎತ್ತರ 828 ಮೀಟರ್. ಮರುಭೂಮಿ ಸಫಾರಿ. ದುಬೈ ಕ್ರೀಕ್. ಚಿನ್ನದ ಮಾರುಕಟ್ಟೆ."

"ಎಷ್ಟು ದಿನ?"

"ಅರವತ್ತು ದಿನ."

"ನಾಲ್ಕು ಜಾಗ ನೋಡಲು ಅರವತ್ತು ದಿನವೇ?"

"ಮಾವ, ಅಷ್ಟು ಯಾರೂ ಕೇಳುವುದಿಲ್ಲ" ಎಂದ. ನಿಜವೇ. ಕೇಳಿದರೆ ಅವರೂ ಉತ್ತರ ಬರೆದುಕೊಳ್ಳಬೇಕಾಗುತ್ತದೆ.

ಕೇಳುವುದು ಬೇರೆ. ಹಿಂದಿರುಗುವ ಟಿಕೆಟ್ ಇದೆಯೇ, ಹೋಟೆಲ್ ಬುಕಿಂಗ್ ಇದೆಯೇ, ಕೈಯಲ್ಲಿ 3,000 ದಿರ್ಹಮ್ ಇದೆಯೇ? 2024ರಲ್ಲಿ ಈ ಮೂರನ್ನೂ ಬಿಗಿಯಾಗಿ ಕೇಳತೊಡಗಿದ್ದೇ ತಡ, ಮೂರಕ್ಕೂ ಅಂಗಡಿ ತೆರೆದುಕೊಂಡಿತು. ಟಿಕೆಟ್ ಡಮ್ಮಿ. ಹೋಟೆಲ್ ಬುಕಿಂಗ್ ವಿಮಾನ ಇಳಿಯುವಷ್ಟರಲ್ಲಿ ರದ್ದು. ಹಣಕ್ಕೆ ತೋರಿಸುವ ಹಣ ಎಂದೇ ಹೆಸರು. ಅದು ಒಬ್ಬರಿಂದ ಸಾಲ ತಂದು, ಜೇಬಿನಲ್ಲಿಟ್ಟು, ಯಾರೂ ನೋಡದಿದ್ದರೂ ಬೆವರಿ, ಮಾರನೆಯ ದಿನ ಹಿಂದಿರುಗಿಸುವ ವಸ್ತು. ಮದುವೆ ಮನೆಗೆ ಪಕ್ಕದ ಮನೆಯ ಸರ ಹಾಕಿಕೊಂಡು ಹೋದ ಹಾಗೆ.

ಇದರಲ್ಲಿ ನಮ್ಮ ದೇಶದ ಪಾಲು ಸಣ್ಣದೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ 1983ರ ವಲಸೆ ಕಾಯ್ದೆ ಇದೆ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟನ್ನು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕಾದದ್ದು, ಎಂದು ಗುರುತಿಸುತ್ತಾರೆ. ಅಂಥವರು ಯುಎಇ ಸೇರಿದಂತೆ ಹದಿನೆಂಟು ದೇಶಗಳಿಗೆ ಕೆಲಸಕ್ಕೆಂದು ಹೋಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು. ಉದ್ದೇಶ ಒಳ್ಳೆಯದು: ಓದುಬರಹ ಕಡಿಮೆ ಇರುವ ಬಡವನನ್ನು ಅಲ್ಲಿ ಯಾರೂ ಮೋಸ ಮಾಡಬಾರದು. ಆದ್ದರಿಂದ ಅವನು "ನನಗೆ ಕೆಲಸ ಸಿಕ್ಕಿದೆ, ಒಪ್ಪಂದ ಇದೆ, ಸಂಬಳ ಇಷ್ಟು" ಎಂದು ನಿಜ ಹೇಳಿದರೆ ತಡೆದು ವಿಚಾರಿಸುತ್ತಾರೆ. "ಕೆಲಸವಿಲ್ಲ, ಒಪ್ಪಂದವಿಲ್ಲ, ಸುಮ್ಮನೆ ನೋಡಿಕೊಂಡು ಬರುತ್ತೇನೆ" ಎಂದರೆ ವೀಸಾ ಮತ್ತು ಹಿಂದಿರುಗುವ ಟಿಕೆಟ್ ಸಾಕು, ದಾರಿ ಬಿಡುತ್ತಾರೆ. ನಮ್ಮ ಬೀದಿಯ ಗಾರೆ ಕೆಲಸದ ಹುಡುಗ, ತನ್ನ ತಾಲ್ಲೂಕಿನ ಸಮುದ್ರವನ್ನೇ ಸರಿಯಾಗಿ ನೋಡದವನು, ಹೀಗೆ ಪರದೇಶದ ಪ್ರವಾಸಿಯಾದ. ಕಾನೂನು ಅವನನ್ನು ಕೆಲಸದಿಂದ ಕಾಪಾಡಿತು.

ಇರಲಿ, ನಮ್ಮ ಹುಡುಗನ ಕಥೆಗೆ ಬರುತ್ತೇನೆ.

ಅವನು ಇಳಿದುಕೊಂಡದ್ದು ದುಬೈಯ ಕರಾಮಾ ಬಡಾವಣೆಯ ಒಂದು ಬೆಡ್ ಸ್ಪೇಸಿನಲ್ಲಿ. ಬೆಡ್ ಸ್ಪೇಸ್ ಎಂದರೆ ಕೋಣೆಯನ್ನಲ್ಲ, ಮಂಚವನ್ನು ಬಾಡಿಗೆಗೆ ಪಡೆಯುವುದು. ಅವನದು ಮೇಲಿನ ಮಂಚ. ಆರು ಜನರ ಆ ಕೋಣೆಯಲ್ಲಿ ನಾಲ್ವರು ಪ್ರವಾಸಿಗಳು. ಬೆಳಿಗ್ಗೆ ಏಳಕ್ಕೆ ನಾಲ್ವರೂ ಸರದಿಯಲ್ಲಿ ಅಂಗಿಗೆ ಇಸ್ತ್ರಿ ಹಾಕಿ, ಟೈ ಕಟ್ಟಿ, ಬಯೋಡೇಟಾ ಹಿಡಿದು ಪ್ರವಾಸಕ್ಕೆ ಹೊರಡುತ್ತಿದ್ದರು. ಒಂದು ಕಡೆ ಅವನನ್ನು ಮೂರು ವಾರ "ಟ್ರಯಲ್" ನೋಡಿದರು. ಟ್ರಯಲ್ ಎಂದರೆ ಕೆಲಸ ಮಾಡುವುದು, ಆದರೆ ಮಾಡಿಲ್ಲ ಎನ್ನುವುದು. ಪರವಾನಗಿ ಇಲ್ಲದೆ ಕೆಲಸಕ್ಕಿಟ್ಟುಕೊಳ್ಳುವ ಕಂಪನಿಗಳಿಗೆ ಅಲ್ಲಿನ ಸರ್ಕಾರ 2024ರಲ್ಲಿ ದಂಡ ಏರಿಸಿತು, ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ತನಕ. ಆ ಸುದ್ದಿ ಬಂದ ಮೇಲೆ ಆ ಮಾಲೀಕ ಬಹಳ ಎಚ್ಚರಿಕೆಯ ಮನುಷ್ಯನಾದ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು ಬರೆಯುವುದನ್ನು ಕೂಡಲೇ ನಿಲ್ಲಿಸಿದ.

ನ್ಯಾಯವಾಗಿ ಹೇಳಬೇಕೆಂದರೆ ಆ ದೇಶ ಕೆಲಸ ಹುಡುಕುವವರಿಗೆಂದೇ ಒಂದು ವೀಸಾ ಇಟ್ಟಿದೆ. 2022ರ ಅಕ್ಟೋಬರಿನ ಸುಧಾರಣೆಯಲ್ಲಿ ಬಂದದ್ದು. ಮೇಲುಸ್ತರದ ಕೌಶಲದ ಹುದ್ದೆಯವನಾಗಿರಬೇಕು, ಇಲ್ಲವೇ ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಲ್ಲೊಂದರಿಂದ ಹೊಸದಾಗಿ ಪದವಿ ಪಡೆದಿರಬೇಕು. ನಮ್ಮ ಹುಡುಗ ಓದಿದ ಕಾಲೇಜು ತಾಲ್ಲೂಕಿನ ಮೊದಲ ಎರಡರಲ್ಲಿದೆ. ತಾಲ್ಲೂಕಿನಲ್ಲಿ ಇರುವುದೂ ಎರಡೇ. ಕೆಲಸ ಹುಡುಕುವ ಅಗತ್ಯ ಯಾರಿಗೆ ಅತ್ಯಂತ ಕಡಿಮೆಯೋ ಅವರಿಗೆ ಹುಡುಕಲು ವೀಸಾ. ಉಳಿದವರು ಒಂಟೆ ನೋಡುತ್ತೇವೆ ಎಂದು ಹೇಳಿಕೊಂಡು ಬರಲಿ.

ಅರವತ್ತು ದಿನ ಮುಗಿಯುತ್ತ ಬಂತು. ಕೆಲಸ ಆಗಿರಲಿಲ್ಲ. ಅವಧಿ ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಕೊರೊನಾ ಕಾಲದಲ್ಲಿ ದೇಶದೊಳಗೇ ಕುಳಿತು ಇನ್ನೊಂದು ವಿಸಿಟ್ ವೀಸಾ ಮಾಡಿಕೊಳ್ಳಲು ಬಿಟ್ಟಿದ್ದರು. 2022ರ ಡಿಸೆಂಬರಿನಲ್ಲಿ ಆ ಅನುಕೂಲ ಮುಚ್ಚಿತು: ಹೊರಗೆ ಹೋಗಿ, ಹೊಸಬನಾಗಿ ಬಾ. ಹೊರಗೆ ಎಂದರೆ ಊರೇ ಆಗಬೇಕೆಂದಿಲ್ಲ. ಒಂದು ಕಾಲದಲ್ಲಿ ಇರಾನಿನ ಕಿಶ್ ದ್ವೀಪಕ್ಕೆ ಹೋಗಿ ಹೊಸ ವೀಸಾಕ್ಕೆ ಕಾಯುತ್ತಿದ್ದವರೂ ಇದ್ದರು. ಈಗ ಏರ್‌ಪೋರ್ಟ್ ಟು ಏರ್‌ಪೋರ್ಟ್ ಎಂಬ ಪ್ಯಾಕೇಜು ಬಂದಿದೆ. ಏಜೆಂಟರು ಅದನ್ನು ತಿರುಪತಿ ಯಾತ್ರೆಯ ಹಾಗೆ, ಹೋಗಿ ಬರುವ ಖರ್ಚೂ ಸೇರಿಸಿ, ಮಾರುತ್ತಾರೆ.

ನಮ್ಮ ಹುಡುಗನ ಪಾಲಿಗೆ ಬಂದದ್ದು ಪಕ್ಕದ ಓಮನ್ ದೇಶದ ಮಸ್ಕತ್. ಬೆಳಿಗ್ಗೆ ಶಾರ್ಜಾದಿಂದ ಹೊರಟ. ಒಂದು ಗಂಟೆಯ ಹಾರಾಟ. ಕೊಟ್ಟ ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳಿ ಎಂದರಂತೆ. ಇಳಿದ ಮೇಲೆ ಟ್ರಾನ್ಸಿಟ್ ಹಾಲಿನ ಒಂದು ಕುರ್ಚಿಯಲ್ಲಿ ಕುಳಿತ. ಓಮನ್ನಿನ ವೀಸಾ ಇರಲಿಲ್ಲ, ಆದ್ದರಿಂದ ಓಮನ್ ಪ್ರವೇಶಿಸಿದ ಹಾಗಾಗಲಿಲ್ಲ. ಯುಎಇಯಿಂದ ನಿರ್ಗಮಿಸಿ ಆಗಿತ್ತು. ನಾಲ್ಕು ಗಂಟೆ ಕಾಲ ಅವನು ಭೂಮಿಯ ಮೇಲೆ ಒಂದು ಕುರ್ಚಿಯ ನಿವಾಸಿಯಾಗಿದ್ದ. ಪಕ್ಕದ ಕುರ್ಚಿಯಲ್ಲಿ ಫಿಲಿಪೀನ್ಸಿನ ಒಬ್ಬ ಹೆಂಗಸು, ಆಚೆ ಲಾಹೋರಿನ ಒಬ್ಬ ಎಲೆಕ್ಟ್ರಿಷಿಯನ್. ಮೂವರೂ ಮೊಬೈಲನ್ನೇ ನೋಡುತ್ತ, ಚಾರ್ಜರ್ ಹಂಚಿಕೊಳ್ಳುತ್ತ, ತಾವು ಹೊಸಬರಾಗುವುದನ್ನು ಕಾಯುತ್ತಿದ್ದರು. ಮಧ್ಯಾಹ್ನ ಮೆಸೇಜ್ ಬಂತು. ಹೊಸ ವೀಸಾ. ಅದೇ ಅಂಗಿ, ಅದೇ ಟೈ, ಅದೇ ಹಸಿವು. ಆದರೆ ಸಂಜೆ ಶಾರ್ಜಾದಲ್ಲಿ ಇಳಿದವನು ಬೇರೆ ಮನುಷ್ಯ. ಈ ಮನುಷ್ಯ ಯುಎಇಯನ್ನು ಇನ್ನೂ ನೋಡಿಯೇ ಇಲ್ಲ. ಅವನಿಗೆ ನೋಡಲು ಮತ್ತೆ ಅರವತ್ತು ದಿನ ಬೇಕು.

ಯಕ್ಷಗಾನ ನೋಡಿ ಬೆಳೆದ ನನಗೆ ಇದು ಅರ್ಥವಾಗದ ವಿಷಯವಲ್ಲ. ಮೇಳದಲ್ಲಿ ಜನ ಕಡಿಮೆಯಾದಾಗ ಸತ್ತ ರಾಕ್ಷಸನೇ ವೇಷ ಕಟ್ಟುವ ಚೌಕಿಗೆ ಹೋಗಿ, ಕಿರೀಟ ಬದಲಿಸಿ, ಋಷಿಯಾಗಿ ಬರುವುದುಂಟು. ಪ್ರೇಕ್ಷಕರಿಗೆ ಗೊತ್ತಾಗುತ್ತದೆ, ಯಾರೂ ಎದ್ದು ಹೇಳುವುದಿಲ್ಲ. ಆದರೆ ಚೌಕಿಯಲ್ಲಿ ಕಿರೀಟವನ್ನಾದರೂ ಬದಲಿಸುತ್ತಾರೆ. ಮತ್ತು ಚೌಕಿಗೆ ಹೋಗಿ ಬರುವ ಖರ್ಚನ್ನು ವೇಷಧಾರಿಯಿಂದ ವಸೂಲು ಮಾಡುವುದಿಲ್ಲ.

ಎರಡನೆಯ ಪ್ರವಾಸದ ನಲವತ್ತೆಂಟನೆಯ ದಿನ ಕೆಲಸ ಆಯಿತು. ಕಟ್ಟಡ ಸಾಮಗ್ರಿ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಈಗ ಪ್ರವಾಸಿಯನ್ನು ನಿವಾಸಿ ಮಾಡಬೇಕು. ಇದಕ್ಕೆ ಸ್ಟೇಟಸ್ ಚೇಂಜ್ ಎನ್ನುತ್ತಾರೆ. ಮತ್ತೆ ಹೊರಗೆ ಹೋಗಿ ಬರಬಹುದು, ಇಲ್ಲವೇ ಒಳಗೇ ಇದ್ದು ಹೆಚ್ಚಿಗೆ ಹಣ ಕಟ್ಟಬಹುದು. ಅಂದರೆ ದೇಶದಿಂದ ಹೊರಗೆ ಹೋಗಲೇಬೇಕಾದ ಕಾರಣ ಏನೇ ಇರಲಿ, ಅದಕ್ಕೊಂದು ಬೆಲೆ ಇದೆ, ಕೌಂಟರಿನಲ್ಲಿ ರಸೀದಿಯೂ ಸಿಗುತ್ತದೆ. ವೀಸಾದ ಖರ್ಚು ಮಾಲೀಕನೇ ಕೊಡಬೇಕು, ನೌಕರನಿಂದ ಪಡೆಯುವಂತಿಲ್ಲ ಎಂದು ಅಲ್ಲಿನ ಕಾನೂನು. ಮಾಲೀಕ ಕಾನೂನಿಗೆ ತಲೆಬಾಗಿ ಪೂರ್ತಿ ತಾನೇ ಕಟ್ಟಿದ. ಆಮೇಲೆ ನಾಲ್ಕು ತಿಂಗಳ ಸಂಬಳದಲ್ಲಿ "ಇತರೆ" ಎಂಬ ಕಾಲಮ್ಮು ಕಾಣಿಸಿಕೊಂಡಿತು. ಆ ಕಾಲಮ್ಮನ್ನು ಲೆಕ್ಕಕ್ಕೆ ಏರಿಸಿದವನೂ ನಮ್ಮ ಹುಡುಗನೇ, ಅದೇ ಅವನ ಕೆಲಸ.

ಮುಂದಿನದು ಮೆಡಿಕಲ್. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ. ಕ್ಷಯ ಇದೆಯೇ, ಎಚ್‌ಐವಿ ಇದೆಯೇ ಎಂದು ನೋಡುತ್ತಾರೆ. ನೂರಾ ಹದಿನೈದು ದಿನ ಅವನು ಅದೇ ಶ್ವಾಸಕೋಶ ಇಟ್ಟುಕೊಂಡು ಮೆಟ್ರೋದಲ್ಲಿ ಉಸಿರಾಡಿದ್ದ, ಆರು ಜನರ ಕೋಣೆಯಲ್ಲಿ ಕೆಮ್ಮಿದ್ದ. ಆಗ ಯಾರಿಗೂ ಭಯವಾಗಿರಲಿಲ್ಲ. ಪ್ರವಾಸಿಯ ಕೆಮ್ಮಿನಿಂದ ರೋಗ ಹರಡುವುದಿಲ್ಲವೆಂದು ಕಾಣುತ್ತದೆ. ಬೆರಳಚ್ಚು ಕೊಟ್ಟ, 784ರಿಂದ ಶುರುವಾಗುವ ಸಂಖ್ಯೆಯ ಎಮಿರೇಟ್ಸ್ ಐಡಿ ಬಂತು. ಎರಡು ವರ್ಷದ ನಿವಾಸಿ. ಇನ್ನೊಂದು ವಿಷಯ ಆಗಲೇ ಗೊತ್ತಾದದ್ದು: ನಿವಾಸಿಯಾದವನು ಸಾಮಾನ್ಯವಾಗಿ ಒಂದೇ ಸಮನೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿವಾಸ ರದ್ದು. ಎರಡು ತಿಂಗಳ ಕೆಳಗೆ ಹೊರಗೆ ಹೋಗದಿದ್ದರೆ ದಂಡ ಎಂದಿದ್ದರು.

ಇಪ್ಪತ್ತು ಲಕ್ಷ ದಿರ್ಹಮಿನ ಮನೆ ಕೊಂಡವರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಇದೆ, ಅವರು ಹೊರಗೆ ಎಷ್ಟು ಕಾಲ ಇದ್ದರೂ ತೊಂದರೆಯಿಲ್ಲ. ಅಂಥವರನ್ನು ಮಸ್ಕತ್ತಿನ ಕುರ್ಚಿಯಲ್ಲಿ ಯಾರೂ ನೋಡಿಲ್ಲ.

ಮೊನ್ನೆ ಅವನು ತಾಯಿಯನ್ನು ಕರೆಸಿಕೊಂಡ. ಸಹೋದ್ಯೋಗಿಯ ಕುಟುಂಬ ಒಂದು ತಿಂಗಳು ಊರಿಗೆ ಬಂದಿತ್ತು, ಮನೆ ಖಾಲಿ ಇತ್ತು. ನಮ್ಮ ಅಕ್ಕನಿಗೆ ಐವತ್ತೆಂಟು. ನಮ್ಮ ಇಡೀ ಕುಟುಂಬದಲ್ಲಿ ದುಬೈಯನ್ನು ನೋಡಲೆಂದೇ ದುಬೈಗೆ ಹೊರಟ ಮೊದಲ ವ್ಯಕ್ತಿ. ಡಮ್ಮಿ ಟಿಕೆಟ್ ಇಲ್ಲ, ಹಿಂದಿರುಗುವ ದಿನ ನಿಶ್ಚಯ, ಏಕೆಂದರೆ ಎಮ್ಮೆ ಕರು ಹಾಕುವುದರಲ್ಲಿತ್ತು. ತಾಲೀಮಿನ ಅಗತ್ಯವೂ ನಮಗೆ ಕಾಣಲಿಲ್ಲ.

ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದು ಹೊರಗೆ ಚಹಾ ಕುಡಿಯುತ್ತಿದ್ದೆ. ಫೋನ್ ಬಂತು.

"ತಮ್ಮಾ, ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ್ದಾರೆ."

"ಏನಾಯಿತು ಅಕ್ಕ?"

"ಅಲ್ಲಿ ಹೋಗಿ ಕೆಲಸ ಮಾಡುತ್ತೀರಾ ಎಂದು ಕೇಳಿದರು. ಮಾಡದೆ ಸುಮ್ಮನೆ ಕೂರುತ್ತೇನೆಯೇ ಸ್ವಾಮಿ, ಆ ಹುಡುಗ ಒಂದು ವರ್ಷದಿಂದ ಸರಿಯಾದ ಸಾರು ಉಂಡಿಲ್ಲ ಎಂದೆ. ಅಷ್ಟಕ್ಕೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಈಗ ಇನ್ನೊಬ್ಬರು ಬಂದು, ಏನು ನೋಡಲು ಹೋಗುತ್ತೀರಿ ಎಂದು ಕೇಳುತ್ತಿದ್ದಾರೆ."

"ಮಗನನ್ನು ಎಂದು ಹೇಳು."

"ಹೇಳಿದೆ, ಅದಕ್ಕೆ ನಂಬುತ್ತಿಲ್ಲ. ಅವತ್ತು ರಾತ್ರಿ ಅವನಿಂದ ಬಾಯಿಪಾಠ ಮಾಡಿಸಿದೆಯಲ್ಲ, ಆ ಕಟ್ಟಡ, ಅದು ಎಷ್ಟು ಮೀಟರ್?"