ಮೂರು ಕೂಡಿಸು ನಾಲ್ಕು: ಏಳು, ಐದು ಅಥವಾ ಒಂದು

ಸೆಕೆಂಡ್ ಪಿಯು ಗಣಿತದಲ್ಲಿ ವೆಕ್ಟರ್ ಪಾಠಕ್ಕೆ ಸುಲಭದ್ದೆಂಬ ಹೆಸರಿದೆ. ವೆಕ್ಟರ್ ಅಂದರೆ ಅಳತೆಯ ಜೊತೆ ದಿಕ್ಕೂ ಇರುವುದು; ಚಿತ್ರದಲ್ಲಿ ಅದೊಂದು ಬಾಣ. ಇಂಟಿಗ್ರೇಷನ್‌ನಲ್ಲಿ ಬೆವರಿಳಿಸಿ ಬಂದವರಿಗೆ ಕೂಡು, ಕಳೆ, ಗುಣಿಸು ಎಂಬ ಹಳೇ ಪರಿಚಯದವರು ಎದುರಾದರೆ ಹೋದ ಜೀವ ಬಂದಂತಾಗುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಹೆಸರು ಅದೇ, ನಡವಳಿಕೆ ಬೇರೆ.

ಪೂರ್ವಕ್ಕೆ 3 ಹೆಜ್ಜೆ, ಅಲ್ಲಿಂದ ಉತ್ತರಕ್ಕೆ 4 ಹೆಜ್ಜೆ ನಡೆದರೆ ಹೊರಟ ಜಾಗದಿಂದ ನೇರ 5 ಹೆಜ್ಜೆ ದೂರ. ಎರಡೂ ಒಂದೇ ದಿಕ್ಕಿಗಾದರೆ 7, ತಿರುಗಿ ವಾಪಸ್ ಬಂದರೆ 1. ದಿಕ್ಕು ತಿಳಿಯುವವರೆಗೆ 1ರಿಂದ 7ರೊಳಗಿನ ಯಾವ ಉತ್ತರವೂ ಸರಿಯಿರಬಹುದು! ಚಿತ್ರ ಬರೆಯುವಾಗ ಮೊದಲ ಬಾಣದ ತುದಿಗೆ ಎರಡನೆಯದರ ಬುಡ ಸೇರಿಸಿ, ಮೊದಲ ಬುಡದಿಂದ ಕೊನೆಯ ತುದಿಗೆ ಗೆರೆ ಎಳೆಯಬೇಕು. ತುದಿಗೆ ತುದಿ ತಾಗಿಸಿದವರಿಗೆ ಸಿಗುವುದು ಮೊತ್ತವಲ್ಲ, ವ್ಯತ್ಯಾಸ.

ಕೋನ ಅಳೆಯುವಾಗ ಮಾತ್ರ ಬುಡಕ್ಕೆ ಬುಡವೇ ಕೂಡಬೇಕು. ಸಮಬಾಹು ತ್ರಿಭುಜದ ಸುತ್ತ ಒಂದರ ಹಿಂದೊಂದು ಸಾಗುವ ಎರಡು ಬಾಣಗಳ ನಡುವಿನ ಕೋನ ಎಷ್ಟು? ಚಿತ್ರ ನೋಡಿ 60 ಡಿಗ್ರಿ ಅನ್ನುತ್ತಾರೆ. ಒಂದನ್ನು ಸರಿಸಿ ಬುಡ ಕೂಡಿಸಿ ನೋಡಿದರೆ 120.

ಹೊಳೆ ದಾಟುವ ಲೆಕ್ಕದ ಕಥೆಯೂ ಇಂಥದ್ದೇ. ಹೊಳೆಯ ಅಗಲ 100 ಮೀಟರ್, ದೋಣಿ ನೇರ ಎದುರು ದಡಕ್ಕೆ ಮುಖಮಾಡಿ ಸೆಕೆಂಡಿಗೆ 4 ಮೀಟರ್ ಹೋಗುತ್ತದೆ, ನೀರಿನ ಸೆಳೆತ ಸೆಕೆಂಡಿಗೆ 3 ಮೀಟರ್. ಒಟ್ಟು ವೇಗ 5 ಎಂದು ಕಂಡುಹಿಡಿದ ಖುಷಿಯಲ್ಲಿ ನೂರನ್ನು ಐದರಿಂದ ಭಾಗಿಸಿ 20 ಸೆಕೆಂಡ್ ಎಂದು ಬರೆಯುತ್ತಾರೆ. ಆದರೆ ದೋಣಿ ಓರೆಯಾಗಿ 125 ಮೀಟರ್ ಸಾಗಿದೆ, ಹಿಡಿದದ್ದು 25 ಸೆಕೆಂಡ್. ದಡ ಮುಟ್ಟುವ ಹೊತ್ತಿಗೆ 75 ಮೀಟರ್ ಕೆಳಕ್ಕೆ ಕೊಚ್ಚಿಕೊಂಡು ಹೋಗಿರುತ್ತದೆ.

ವೆಕ್ಟರ್‌ಗಳನ್ನು ಗುಣಿಸುವ ಬಗೆ ಎರಡು. ಮೊದಲು ಡಾಟ್ ಪ್ರಾಡಕ್ಟ್‌ಗೆ ಬನ್ನಿ. (1, 2, 3) ಮತ್ತು (4, 5, 6) ಎಂಬ ವೆಕ್ಟರ್‌ಗಳ ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಗುಣಿಸಿ, ಬಂದ 4, 10, 18 ಕೂಡಿಸಿದರೆ 32. ಬರೀ 32, ದಿಕ್ಕು ದೆಸೆ ಇಲ್ಲದ ಸಂಖ್ಯೆ. ಅದಕ್ಕೂ ಐ, ಜೆ, ಕೆ ಎಂಬ ಮೂರು ದಿಕ್ಕುಗಳ ಗುರುತು ಅಂಟಿಸಿ ಕಳಿಸುವ ಉದಾರಿಗಳಿಗೆ ಬರಗಾಲವಿಲ್ಲ.

ಉತ್ತರವೂ ವೆಕ್ಟರ್ ಆಗಿಯೇ ಬರುವ ಕ್ರಾಸ್ ಪ್ರಾಡಕ್ಟ್‌ನಲ್ಲಿ ನಿಜವಾದ ಮಜಾ ಇದೆ. ಅದರ ಲೆಕ್ಕಕ್ಕೆ ಡಿಟರ್ಮಿನೆಂಟ್ ಎಂಬ ಸಾಲುಸಾಲು ಸಂಖ್ಯೆಗಳ ಚೌಕ ಬಿಡಿಸುವಾಗ ನಡುವಿನ ಜೆ ಪದದ ಮುಂದೆ ಒಂದು ಮೈನಸ್ ಬರುತ್ತದೆ. ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ. ಮೇಲಿನ ಜೋಡಿಗೆ ಸರಿಯುತ್ತರ (−3, 6, −3). ಮರೆತವರದು (−3, −6, −3). ಉದ್ದ ಎರಡಕ್ಕೂ ಒಂದೇ ಆದ್ದರಿಂದ, ಆ ಉದ್ದವೇ ಹೇಳುವ ಸಮಾಂತರ ಚತುರ್ಭುಜದ ವಿಸ್ತೀರ್ಣ ಮಾತ್ರ ಕೇಳಿದರೆ ತಪ್ಪು ಪತ್ತೆಯೇ ಆಗುವುದಿಲ್ಲ. ಹಿಡಿಯುವ ಉಪಾಯ ಒಂದಿದೆ: ಬಂದ ಉತ್ತರ ಮೂಲದ ಎರಡಕ್ಕೂ ಲಂಬವಾಗಿರಬೇಕು, ಅಂದರೆ ಅವುಗಳ ಜೊತೆ ಡಾಟ್ ಮಾಡಿದರೆ ಸೊನ್ನೆ ಬರಬೇಕು. ಮೊದಲನೆಯದರ ಜೊತೆ ಮಾಡಿ: −3, 12, −9, ಸೊನ್ನೆ. ಮೈನಸ್ ಬಿಟ್ಟವರಿಗೆ −24. ಅರ್ಧ ನಿಮಿಷದ ಕೆಲಸ. ಮಾಡುವವರು ಯಾರು?

ಹಿಂದುಮುಂದಾಗಿ ಗುಣಿಸಿದರೆ ಚಿಹ್ನೆಯೂ ತಿರುಗುತ್ತದೆ. ಈ ಚಾಳಿ ಹಳೆಯದು. 1843ರಲ್ಲಿ ಗಣಿತಜ್ಞ ಹ್ಯಾಮಿಲ್ಟನ್ ಡಬ್ಲಿನ್‌ನ ಸೇತುವೆಯೊಂದರ ಕಲ್ಲಿನ ಮೇಲೆ ಐ, ಜೆ, ಕೆಗಳ ಸೂತ್ರ ಗೀಚಿದಾಗಲೇ ಐ ಗುಣಿಸು ಜೆ ಅಂದರೆ ಕೆ, ಜೆ ಗುಣಿಸು ಐ ಅಂದರೆ ಮೈನಸ್ ಕೆ. ಆದರೆ ಮೈನಸ್ ಕೆ ಹುಟ್ಟಿಸಲು ಪರೀಕ್ಷಾ ಹಾಲ್‌ನಲ್ಲಿ ಇನ್ನೂ ಸುಲಭದ ದಾರಿಯಿದೆ. ಬಲಗೈ ನಿಯಮ ಗೊತ್ತಲ್ಲ? ಬೆರಳುಗಳನ್ನು ಮೊದಲ ವೆಕ್ಟರ್‌ನ ದಿಕ್ಕಿಗೆ ಚಾಚಿ, ಸಣ್ಣ ಕೋನದ ಕಡೆಯಿಂದ ಎರಡನೆಯದರತ್ತ ಮಡಚಿದರೆ ಹೆಬ್ಬೆರಳು ಉತ್ತರ ತೋರಿಸುತ್ತದೆ. ಹಾಳೆಯ ಮೇಲೆ ಪೂರ್ವದಿಂದ ಉತ್ತರಕ್ಕೆ ಮಡಚಿದರೆ ಹೆಬ್ಬೆರಳು ಹಾಳೆಯಿಂದ ಮೇಲಕ್ಕೆ. ಆದರೆ ಬಲಗೈಯಲ್ಲಿ ಪೆನ್ನಿದೆ. ಬಿಡುವಾಗಿರುವುದು ಎಡಗೈ. ಅದನ್ನೇ ಎತ್ತಿ, ಬಲು ಶ್ರದ್ಧೆಯಿಂದ ಬೆರಳು ಮಡಚಿ, ಡೆಸ್ಕಿನೊಳಗೆ ತೂರುವ ಹೆಬ್ಬೆರಳನ್ನು ನಂಬಿ ಉತ್ತರ ಬರೆಯುತ್ತಾರೆ. ಪಕ್ಕದ ಬೆಂಚಿನ ಎಡಚರಿಗೆ ಮಾತ್ರ, ಚಿಂತೆಯೇ ಇಲ್ಲದೆ, ಪ್ರತಿಸಲವೂ ಸರಿಯುತ್ತರ.