ದೀಪ ಆರಿಸಿದವರೇ ಧನ್ಯರು

ತಮ್ಮ ನೌಕರರಲ್ಲಿ ನೂರಕ್ಕೆ ನೂರು ಮಂದಿ ಪರಿಸರ ತರಬೇತಿ ಪಡೆದಿದ್ದಾರೆ, ಆದ್ದರಿಂದ ತಮ್ಮನ್ನು ನಂಬಬೇಕು ಎಂದು ಕಾರ್ಖಾನೆಗಳು ವಾರ್ಷಿಕ ವರದಿಯಲ್ಲಿ ಹಸಿರು ಶಾಯಿಯಿಂದ ಅಚ್ಚು ಹಾಕಿಸುವ ಋತು ಮತ್ತೆ ಬಂದಿದೆ. ನಂಬದೆ ಇರಲು ನಾವು ಯಾರು?

ತರಬೇತಿಯ ಸೊಗಸನ್ನು ಬಣ್ಣಿಸಲೇಬೇಕು. ಹೊರಡುವಾಗ ದೀಪ ಆರಿಸಿ, ಕಾಗದದ ಎರಡೂ ಮಗ್ಗುಲಲ್ಲಿ ಮುದ್ರಿಸಿ, ಹಸಿಕಸ ಒಣಕಸ ಬೇರ್ಪಡಿಸಿ ಎಂದು ಪರದೆಯ ಮೇಲಿನ ಎಲೆಮರಿ ಕಾರ್ಟೂನೊಂದು ನಗುನಗುತ್ತಾ ಬೋಧಿಸುತ್ತದೆ. ಕೊನೆಗೊಂದು ಪರೀಕ್ಷೆ. ಅದರಲ್ಲಿ ಅನುತ್ತೀರ್ಣರಾಗಲು ಅಸಾಧಾರಣ ಪ್ರತಿಭೆಯೇ ಬೇಕು, ಏಕೆಂದರೆ ಸರಿಯುತ್ತರ ಒತ್ತುವವರೆಗೂ ಯಂತ್ರ ಬಿಡುವುದಿಲ್ಲ. ಬಾಯ್ಲರ್ ಮುಂದೆ ಬೆವರು ಸುರಿಸುವವನೂ ಮುದ್ರಣಯಂತ್ರವನ್ನೇ ಮುಟ್ಟದವನೂ ಕಾಗದ ಉಳಿಸುವ ಪ್ರತಿಜ್ಞೆ ಮಾಡಿ ಪ್ರಮಾಣಪತ್ರ ಪಡೆಯುತ್ತಾರೆ. ತ್ಯಾಜ್ಯನೀರನ್ನು ಶುದ್ಧೀಕರಿಸದೆ ನೇರವಾಗಿ ಹೊರಬಿಡುವ ಬೈಪಾಸ್ ವಾಲ್ವ್ ಕುರಿತು ಮಾತ್ರ ಒಂದು ಪ್ರಶ್ನೆಯೂ ಬರುವುದಿಲ್ಲ. ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001 ಹೇಳುವುದು, ಪ್ರತಿಯೊಬ್ಬರಿಗೂ ಅವರವರ ಕೆಲಸದಿಂದ ಪರಿಸರಕ್ಕಾಗುವ ಪರಿಣಾಮದ ಅರಿವಿರಬೇಕೆಂದು. ಅಷ್ಟು ಆಳಕ್ಕಿಳಿದರೆ ಎಲೆಮರಿಯ ನಗು ಬಾಡೀತೇನೋ.

ಆ ಮಾನದಂಡದ ಪರಿಷ್ಕೃತ ಆವೃತ್ತಿಯೊಂದು ಹೊರಬಂದದ್ದು 2015ರ ಸೆಪ್ಟೆಂಬರ್ 15ರಂದು. ಮೂರೇ ದಿನಗಳ ನಂತರ, ಫೋಕ್ಸ್‌ವ್ಯಾಗನ್‌ನ ಡೀಸೆಲ್ ಕಾರುಗಳು ಒಳಗೆ ಅಡಗಿಸಿದ ತಂತ್ರಾಂಶದಿಂದಾಗಿ ಹೊಗೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಶುಚಿಯಾಗಿ ಉಸಿರಾಡುತ್ತವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸ್ ನೀಡಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ. ಅದೇ ತಿಂಗಳು, ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯಲ್ಲಿ ಕಂಪನಿಗಳನ್ನು ಅಳೆಯುವ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕವು ವಾಹನೋದ್ಯಮದ ಅಗ್ರಪೀಠದಲ್ಲಿ ಕೂರಿಸಿದ್ದೂ ಇದೇ ಕಂಪನಿಯನ್ನು. ಇದು ಒಂದಿಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಕೆಲಸವೆಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ಕಂಪನಿಯ ಅಲ್ಲಿನ ಮುಖ್ಯಸ್ಥರು ಹೇಳಿದರು. ಪಾಪ, ಆ ಒಂದಿಬ್ಬರು ಹಸಿಕಸ ಒಣಕಸದ ತರಗತಿಗೆ ಚಕ್ಕರ್ ಹೊಡೆದಿರಬೇಕು.

ಸಾಕು ಈ ನಾಟಕ. ಡೀಸೆಲ್ ಹೊಗೆಯಲ್ಲಿರುವ ವಿಷಾನಿಲ ನೈಟ್ರೋಜನ್ ಆಕ್ಸೈಡ್ ಎಂದರೇನೆಂದು ಆ ತಂತ್ರಾಂಶ ಬರೆದವರಿಗೆ ಯಾವ ತರಬೇತುದಾರನಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅದನ್ನು ಮರೆಮಾಚಲು ಸಾಧ್ಯವಾಯಿತು. ರಾತ್ರಿ ಪಾಳಿಯಲ್ಲಿ ನೀರು ಯಾವ ಬಣ್ಣದಲ್ಲಿ ಹೊರಗೆ ಹೋಗುತ್ತದೆಂಬುದು ಪಂಪು ನೋಡಿಕೊಳ್ಳುವವನಿಗೂ ಗೊತ್ತು. ಅವನಿಗೆ ಬೇಕಾದದ್ದು ಪಾಠವಲ್ಲ, ಹೇಳಿದರೂ ಉಳಿಯುವ ಕೆಲಸ. ವಾಲ್ವ್ ತೆರೆಯಲು ಅಪ್ಪಣೆ ಕೊಟ್ಟವರ ಹೆಸರನ್ನು ಅವನು ಲಾಗ್‌ಬುಕ್ಕಿನಲ್ಲಿ ಬರೆದಿಟ್ಟರೆ ಮರುದಿನ ಅವನನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ. ಪ್ರಮಾಣಪತ್ರವನ್ನು ಬೇಕಿದ್ದರೆ ನೀವೇ ಇಟ್ಟುಕೊಳ್ಳಿ.